ಮಡಿಯಲ್ಲಿ ಹುಗಿದ ಪ್ಯಾಟನ್

ಅಣ್ಣಿಗೇರಿ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನದ ಮಾಸ್ತರ. 1965ರ ಭಾರತ-ಪಾಕಿಸ್ತಾನ ಯುದ್ಧವನ್ನು ಬೋರ್ಡಿನ ಮೇಲೆ ಹೇಳಿದರೆ ಹುಡುಗರಿಗೆ ಇಸವಿ ಒಂದೇ ಉಳಿಯುತ್ತದೆ, ಅದೂ ಪರೀಕ್ಷೆವರೆಗೆ. ಹಾಗಾಗಿ ಆ ಯುದ್ಧದಲ್ಲಿ ಪಂಜಾಬಿನ ಅಸಲ್ ಉತ್ತರ್ ಎಂಬ ಊರಿನ ಹತ್ತಿರ ನಡೆದ ಟ್ಯಾಂಕ್ ಕಾಳಗವನ್ನು ಶಾಲೆಯ ಹಿಂದಿನ ಕೈತೋಟದ ಮಡಿಯಲ್ಲೇ ಮಾಡಿ ತೋರಿಸಲು ಹೊರಟೆ.

ಎರೆ ಮಣ್ಣಿಗೆ ನಮ್ಮಲ್ಲೇನು ಬರ? ಅಲ್ಲಿನ ಕಬ್ಬಿನ ಹೊಲದ ಬದಲು ಜೋಳದ ದಂಟಿನ ತುಂಡುಗಳನ್ನು, ನಮ್ಮ ಸೇನೆ ನಿಂತಿದ್ದ ಹಾಗೆ, ಕುದುರೆ ಲಾಳದ ಆಕಾರದಲ್ಲಿ ನೆಟ್ಟೆವು. ಪಾಕಿಸ್ತಾನದ ಪ್ಯಾಟನ್ ಟ್ಯಾಂಕಿಗೆ ಕಿರಾಣಿ ಅಂಗಡಿಯಿಂದ ತಂದ ಅರ್ಧ ಕೆಜಿಯ ತೂಕದ ಕಲ್ಲು, ಎಳೆಯಲು ಹುರಿ. ನಮ್ಮ ಟ್ಯಾಂಕುಗಳೂ ಅಂಥವೇ ಕಲ್ಲು, ದಂಟಿನ ಮರೆಯಲ್ಲಿ.

ಮೊದಲ ದಿನ ಪೂರಾ ಫೇಲ್. ತರಗತಿಗೆ ಹತ್ತು ನಿಮಿಷ ಮೊದಲು ಎರಡು ಕೊಡ ನೀರು ಸುರಿದಿದ್ದೆ. ಮೇಲೆ ರಾಡಿ, ಒಳಗೆ ಒಣ. ಪ್ಯಾಟನ್ ಸಲೀಸಾಗಿ ಜಾರಿ ಆಚೆ ದಂಡೆ ಸೇರಿತು! ಕಾಲುವೆ ನೀರಿನ ಹೊಲ ಇರುವ ಮನೆಯ ಹುಡುಗನೊಬ್ಬ, "ಸರ, ಹಿಂಗ ಆಗೂದಿಲ್ರಿ. ರಾತ್ರಿನ ನೀರು ಬಿಡಬೇಕ್ರಿ" ಅಂದ.

ಅಸಲ್ ಉತ್ತರ್‌ನಲ್ಲಿ ಆಗಿದ್ದೂ ಅದೇ ಅಲ್ವಾ? ಸೆಪ್ಟೆಂಬರ್ 8ರಿಂದ 10ರವರೆಗೆ ಗಡಿಯ ಊರು ಖೇಮ್‌ಕರಣ್ ಕಡೆಯಿಂದ ಪಾಕಿಸ್ತಾನದ 1ನೇ ಆರ್ಮರ್ಡ್ ಡಿವಿಷನ್, ಅಂದರೆ ಟ್ಯಾಂಕು ಪಡೆ, ನುಗ್ಗಿತು. ನಮ್ಮವರು ರಾತ್ರಿ ಹೊಲಗಳಿಗೆ ನೀರು ಹರಿಸಿದ್ದರು. ಪಂಜಾಬಿನದು ಎರೆ ಮಣ್ಣಲ್ಲ, ಅದನ್ನೂ ಹುಡುಗರಿಗೆ ಹೇಳಿದೆ. ಆದರೂ ಸುಮಾರು 45 ಟನ್ನಿನ ಪ್ಯಾಟನ್‌ಗೆ ಆ ಕೆಸರು ಭಾರಿ ಕಾಟ ಕೊಟ್ಟಿತು.

ಅವತ್ತು ರಾತ್ರಿಯೇ ಮಡಿಗೆ ನೀರು ಬಿಟ್ಟೆವು. ಮರುದಿನ ಕಲ್ಲು ಅರ್ಧಕ್ಕೆ ಹುಗಿದು ನಿಂತಿತು. ಹುರಿ ಕಿತ್ತು ಬಂತು, ಕಲ್ಲು ಬರಲಿಲ್ಲ. ಆಗ ಒಬ್ಬಳು, "ನಮ್ಮ ಟ್ಯಾಂಕು ಎಷ್ಟು ಭಾರ ಸರ?" ಎಂದು ಕೇಳಿದಳು. ನಿಜ ಹೇಳಲೇಬೇಕಾಯಿತು: ನಮ್ಮ ಸೆಂಚುರಿಯನ್ 50 ಟನ್ ದಾಟುತ್ತದೆ, ಪ್ಯಾಟನ್‌ಗಿಂತ ಜಾಸ್ತಿ. "ಮತ್ತ ನಮ್ಮವು ಯಾಕ ಹುಗಿಲಿಲ್ರಿ?"

ದಂಟಿನ ಮರೆಯ ಕಲ್ಲು ತೋರಿಸಿ, "ಇವಕ್ಕೆ ಹುರಿ ಕಟ್ಟೀವೇನು?" ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು, ಎಲ್ಲರೂ ಒಮ್ಮೆಲೇ "ಹೌದಲ್ರೀ!" ಅಂದರು. ಕೆಸರಿನಲ್ಲಿ ನಡೆದು ಬರಬೇಕಾದದ್ದು ಅವರು. ನಮ್ಮ ಸೆಂಚುರಿಯನ್, ಹಳೆಯ ಶರ್ಮನ್‌ಗಳು ಹೆಚ್ಚಾಗಿ ಕಬ್ಬಿನಲ್ಲಿ ಕಾದು ಕೂತಿದ್ದವು. ಜೀಪಿನ ಮೇಲಿನ ತೋಪಿನಿಂದ ಟ್ಯಾಂಕುಗಳನ್ನು ಹೊಡೆದ ಅಬ್ದುಲ್ ಹಮೀದ್ ಕೂಡ ಬೆಳೆಯ ಮರೆಯಲ್ಲೇ ಇದ್ದದ್ದು. ಅವರಿಗೆ ಮರಣೋತ್ತರ ಪರಮವೀರ ಚಕ್ರ ಬಂತು. ಭಾರತದ ಲೆಕ್ಕದಲ್ಲಿ ಪಾಕಿಸ್ತಾನ ಕಳೆದುಕೊಂಡದ್ದು 97 ಟ್ಯಾಂಕು.

ಕಲ್ಲುಗಳನ್ನು ತೊಳೆದು ವಾಪಸ್ ಕೊಟ್ಟೆ. ಅಂಗಡಿಯವರು ತಳ ತಿರುಗಿಸಿ ನೋಡಿ, "ಮಾಸ್ತರ, ಮಣ್ಣು ಇನ್ನೂ ಹೋಗಿಲ್ರಿ. ಗಿರಾಕಿಗೆ ಜಾಸ್ತಿ ತೂಗ್ತದ" ಅಂದರು.