ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಮಾತ್ರ ಕಪ್ಪು

ಆಟಿ ತಿಂಗಳ ಮಳೆಗೆ ಉಡುಪಿಯಲ್ಲಿ ಹಪ್ಪಳ ಮೆತ್ತಗಾಗುತ್ತದೆ, ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ. ಮೂರು ವಾರ ಮೂಲೆಯಲ್ಲಿ ಸುಮ್ನೆ ಕೂತ ಕಂಪ್ಯೂಟರನ್ನು ಆ ಥಂಡಿ ಬಿಡುತ್ತದೆಯೇ? ಹೋದ ಮಳೆಗಾಲದಲ್ಲಿ ನಮ್ಮ ಮನೆಯದ್ದು ಹಾಗೆಯೇ ಕೈಕೊಟ್ಟಿತು. ಬಟನ್ ಒತ್ತಿದರೆ ಲೈಟು ಬಂತು, ಫ್ಯಾನ್ ತಿರುಗಿತು, ಮಾನಿಟರಿನಲ್ಲಿ ಏನೂ ಇಲ್ಲ. ರಿಪೇರಿಯವರು ಫೋನಿನಲ್ಲೇ ‘ಮದರ್‌ಬೋರ್ಡ್ ಹೋಗಿದೆ’, ಅಂದರೆ ಒಳಗಿನ ಮುಖ್ಯ ಬೋರ್ಡೇ ಕೆಟ್ಟಿದೆ, ಎಂದುಬಿಟ್ಟರು. ಕೊನೆಗೆ ಅದು ಸರಿಹೋದದ್ದು ಮಗಳ ಪೆನ್ಸಿಲ್ ಬಾಕ್ಸಿನ ರಬ್ಬರಿನಿಂದ.

ಆದರೆ ರಬ್ಬರಿಗೆ ಮೊದಲು ಹೊರಗಿನದ್ದನ್ನು ನೋಡಿ ಮುಗಿಸಿ. ಮಾನಿಟರಿನಲ್ಲಿ ‘ನೋ ಸಿಗ್ನಲ್’ ಎಂದು ಬಂದರೆ ಅದಕ್ಕೆ ಕರೆಂಟು ಬರುತ್ತಿದೆ, ಚಿತ್ರ ಬರುತ್ತಿಲ್ಲ ಎಂದರ್ಥ. ಕೇಬಲನ್ನು ಎರಡೂ ಕಡೆ ಕಿತ್ತು ಗಟ್ಟಿಯಾಗಿ ಹಾಕಿ. ಮಾನಿಟರಿನ ಮೆನುವಿನಲ್ಲಿ ಸೋರ್ಸ್ ನೋಡಿ: ಕೇಬಲ್ ಎಚ್‌ಡಿಎಂಐ, ಸೋರ್ಸ್ ವಿಜಿಎ ಎಂದಿದ್ದರೆ ಬೆಳಗಿನವರೆಗೆ ಕಾದರೂ ಚಿತ್ರ ಬರುವುದಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಅದಕ್ಕೇ ಹೋಗಬೇಕು, ಮದರ್‌ಬೋರ್ಡಿನ ಪೋರ್ಟಿಗೆ ಅಲ್ಲ. ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರ್ ಆದರಂತೂ ಆ ಪೋರ್ಟಿನಿಂದ ಚಿತ್ರ ಬರುವ ಮಾತೇ ಇಲ್ಲ.

ಇದೆಲ್ಲ ಸರಿ ಇದೆಯಾ? ಹಾಗಾದರೆ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟು ಇಳಿದುಹೋಗುತ್ತದೆ. ಎಷ್ಟೋ ಸಲ ಇಷ್ಟಕ್ಕೇ ಎದ್ದುಬಿಡುತ್ತದೆ.

ಏಳದಿದ್ದರೆ ಪ್ಲಗ್ ಕಿತ್ತೇ ಇರಲಿ, ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ಬಿಚ್ಚಿ. ನಮ್ಮ ಕರಾವಳಿಯಲ್ಲಿ ನಾನು ಮೊದಲು ಅನುಮಾನ ಪಡುವುದು ಸ್ಲಾಟಿನಲ್ಲಿ ಕೂರುವ ಮೆಮರಿಯ ಪುಟ್ಟ ಬೋರ್ಡ್, ಅಂದರೆ ರ‍್ಯಾಮ್ ಮೇಲೆ. ಅದರ ಅಂಚಿನ ಬಂಗಾರದ ಬಣ್ಣದ ಪಟ್ಟಿಗಳ ಮೇಲೆ ಥಂಡಿ, ಧೂಳು, ಉಪ್ಪುಗಾಳಿ ಸೇರಿ ತೆಳ್ಳಗೆ ಕೊಳೆ ಕೂರುತ್ತದೆ. ಕಣ್ಣಿಗೆ ಕಾಣುವುದೂ ಇಲ್ಲ, ಆದರೆ ಸ್ಲಾಟಿನೊಳಗೆ ಪಿನ್ನು ತಾಗುವುದಿಲ್ಲ.

ಕ್ಯಾಬಿನೆಟ್ಟಿನ ಬಣ್ಣ ಬಳಿಯದ ಲೋಹವನ್ನು ಒಮ್ಮೆ ಮುಟ್ಟಿ, ಮೈಯಲ್ಲಿ ಕೂಡಿದ ಸ್ಟ್ಯಾಟಿಕ್ ಕರೆಂಟು ಇಳಿಯಲಿ. ಸ್ಲಾಟಿನ ತುದಿಯ ಕ್ಲಿಪ್ ಬಿಡಿಸಿ ರ‍್ಯಾಮನ್ನು ಅಂಚಿನಲ್ಲಿ ಹಿಡಿದು ಎತ್ತಿ. ಬಿಳಿ ಪೆನ್ಸಿಲ್ ರಬ್ಬರಿನಿಂದ ಪಟ್ಟಿಗಳನ್ನು ಎರಡೂ ಬದಿ ಮೆಲ್ಲಗೆ ಉಜ್ಜಿ. ಪೆನ್ನಿನ ಶಾಯಿ ಅಳಿಸುವ ಒರಟು ರಬ್ಬರ್ ಬೇಡ, ಅದು ಬಂಗಾರದ ಲೇಪವನ್ನೇ ಕೆರೆದುಬಿಡುತ್ತದೆ. ಉಜ್ಜುವುದು ಪೇಪರ್ ಹಾಸಿದ ಮೇಜಿನ ಮೇಲೆ. ರಬ್ಬರಿನ ಪುಡಿ ಮದರ್‌ಬೋರ್ಡಿಗೆ ಬಿದ್ದರೆ ಇನ್ನೊಂದು ತಲೆನೋವು. ಸ್ಲಾಟನ್ನು ಒಣ ಬ್ರಶ್‌ನಿಂದ ಗುಡಿಸಿ. ಬಾಯಿಯಿಂದ ಊದಬೇಡಿ, ಎಂಜಲು ಹಾರುತ್ತದೆ. ಇರುವ ಥಂಡಿ ಸಾಲದಾ?

ಮತ್ತೆ ಹಾಕುವಾಗ ‘ಟಕ್’ ಎಂದು ಕ್ಲಿಪ್ ಕೂರುವವರೆಗೆ ಒತ್ತಿ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯದು ಮೊದಲ ರ‍್ಯಾಮಿನ ಜಾಗ. ಡಿಡಿಆರ್5 ರ‍್ಯಾಮ್ ಇರುವ ಹೊಸ ಕಂಪ್ಯೂಟರ್ ಹೀಗೆ ಬದಲಿಸಿದ ಮೇಲೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಗಾಬರಿಯಾಗಿ ಆಫ್ ಮಾಡಬೇಡಿ.

ಇನ್ನೂ ಏಳದಿದ್ದರೆ ಪ್ಲಗ್ ಮತ್ತೆ ಕಿತ್ತು, ಒಳಗೆ ಇನ್ನೆರಡು ಕಡೆ ಕಣ್ಣಾಡಿಸಿ. ಪ್ರೊಸೆಸರ್ ಹತ್ತಿರದ 4 ಅಥವಾ 8 ಪಿನ್ನಿನ ವೈರ್ ಸಡಿಲವಾಗಿದ್ದರೆ ಫ್ಯಾನ್ ತಿರುಗುತ್ತದೆ, ಪ್ರೊಸೆಸರ್ ಏಳುವುದಿಲ್ಲ. ಇನ್ನೊಂದು ನಾಣ್ಯದಂಥ ಸಿಆರ್2032 ಸೆಲ್. ಅದನ್ನು ಹತ್ತು ನಿಮಿಷ ತೆಗೆದಿಟ್ಟು ಹಾಕಿದರೆ ಬಯಾಸ್ (ಕಂಪ್ಯೂಟರ್ ಏಳುವಾಗ ಮೊದಲು ಓಡುವ ಪ್ರೋಗ್ರಾಂ) ಸೆಟ್ಟಿಂಗ್ ಮೊದಲಿನಂತಾಗುತ್ತದೆ. ತಾರೀಕು ಮತ್ತೆ ಸರಿಮಾಡಬೇಕು, ಅಷ್ಟೇ. ಹಲವು ಹೊಸ ಬೋರ್ಡುಗಳಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ ಎಂದು ಬರೆದ ಪುಟ್ಟ ಲೈಟುಗಳು ಇರುತ್ತವೆ: ಕ್ರಮವಾಗಿ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್. ಯಾವುದು ಆರದೆ ನಿಂತಿದೆಯೋ ತೊಂದರೆ ಅಲ್ಲಿ.

ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತರೂ ಅದರ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ. ಸುಟ್ಟ ವಾಸನೆ ಬಂದರೆ, ಅಥವಾ ಸಿಡಿಲು ಬಡಿದ ರಾತ್ರಿಯ ಮರುದಿನವೇ ಹೀಗಾದರೆ ಅಂಗಡಿಗೇ ಒಯ್ಯಿರಿ, ರಬ್ಬರಿನ ಕೆಲಸ ಅಲ್ಲ ಅದು.

ಈಗ ನಾನು ಮಳೆಗಾಲದಲ್ಲಿ ಕೆಲಸ ಇರಲಿ ಬಿಡಲಿ, ದಿನಾ ಅರ್ಧ ಗಂಟೆ ಕಂಪ್ಯೂಟರ್ ಹಾಕಿಡುತ್ತೇನೆ. ಒಳಗಿನ ಬಿಸಿಗೆ ಥಂಡಿ ಕೂರುವುದಿಲ್ಲ. ಗುಡುಗು ಕೇಳಿದರೆ ಮಾತ್ರ ಪ್ಲಗ್ಗಿನ ಜತೆ ಇಂಟರ್ನೆಟ್ಟಿನ ವೈರನ್ನೂ ಕೀಳುತ್ತೇನೆ.