ಬೆಳೆ ಪರಿಹಾರ: ಮಳೆಗೆ ಮುಂಚೆಯೇ ಮಾಡಿಡಬೇಕಾದ ಕೆಲಸ

ಹೊಲದಲ್ಲಿ ನೀರು ನಿಂತ ಮೇಲೆ ತಾಲ್ಲೂಕು ಕಚೇರಿಗೆ ಓಡುವವರೇ ಹೆಚ್ಚು. ಆದರೆ ಪರಿಹಾರದ ಹಣ ಕೈಗೆ ಬರುವುದೋ ಇಲ್ಲವೋ ಎಂಬುದು ಬಹುಪಾಲು ಬಿತ್ತನೆಯ ಹೊತ್ತಿಗೇ, ದಾಖಲೆಗಳಲ್ಲಿ ತೀರ್ಮಾನವಾಗಿರುತ್ತದೆ.

ಮೊದಲನೆಯದು ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ. ಆಧಾರ್, ಪಹಣಿ, ಪಾಸ್‌ಬುಕ್ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋದರೆ ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಾಯಿಸಿ ಈ ಸಂಖ್ಯೆ ಕೊಡುತ್ತಾರೆ. ಸಂಖ್ಯೆ ಇದೆ ಎಂದು ಸುಮ್ಮನಾಗಬೇಡಿ. ನಿಮ್ಮ ಎಲ್ಲ ಸರ್ವೆ ನಂಬರುಗಳೂ ಅದಕ್ಕೆ ಜೋಡಣೆಯಾಗಿವೆಯೇ ಎಂದು ಕೇಳಿ ನೋಡಿ. ಬಿಟ್ಟುಹೋದ ತುಂಡು ಹೊಲ ಪರಿಹಾರದ ಲೆಕ್ಕಕ್ಕೆ ಬರುವುದಿಲ್ಲ. ಪಹಣಿ ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲಿದ್ದರೆ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಿಕೊಳ್ಳಿ. ಅಣ್ಣತಮ್ಮಂದಿರು ಒಂದಾಗಲಿ ಎಂದು ಹತ್ತು ವರ್ಷ ಕಾದ ಮನೆಗಳನ್ನು ನಾನೇ ಕಂಡಿದ್ದೇನೆ.

ಎರಡನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು, ಬೆಳೆ ಸಮೀಕ್ಷೆ. ಹೆಸರುಕಾಳಿನ ಜೊತೆ ತೊಗರಿ ಬಿತ್ತಿದ್ದೀರಿ ಎನ್ನಿ. ಸಮೀಕ್ಷೆಗೆ ಬಂದ ಹುಡುಗ ಬದುವಿನ ಮೇಲೆ ನಿಂತು ಮೊಬೈಲಿನಲ್ಲಿ ಫೋಟೊ ತೆಗೆದು ‘ಹೆಸರು’ ಎಂದಷ್ಟೇ ನಮೂದಿಸಿ ಹೊರಟುಬಿಡುತ್ತಾನೆ. ಹೆಸರನ್ನು ನೀವು ಕಿತ್ತು ಮಾರಿಯೂ ಆಗಿರುತ್ತದೆ. ಸೆಪ್ಟೆಂಬರಿನ ಮಳೆಗೆ ತೊಗರಿ ಕೊಳೆತಾಗ, ದಾಖಲೆಯ ಪ್ರಕಾರ ಆ ಹೊಲದಲ್ಲಿ ತೊಗರಿಯೇ ಇಲ್ಲ! ಆದ್ದರಿಂದ ಸಮೀಕ್ಷೆಯ ದಿನ ಹೊಲದಲ್ಲಿರಿ, ಇಲ್ಲವೇ ರೈತರ ಆ್ಯಪಿನಲ್ಲಿ ನೀವೇ ವಿವರ ಹಾಕಿ. ಆಮೇಲೆ ‘ಬೆಳೆ ದರ್ಶಕ’ ಆ್ಯಪ್ ತೆರೆದು ಏನು ದಾಖಲಾಗಿದೆ ನೋಡಿ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಸಲ್ಲಿಸಬಹುದು.

ಹಾನಿಯಾದಾಗ ಬೆಳೆಯ ಫೋಟೊ ತೆಗೆದಿಟ್ಟುಕೊಂಡು ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ. ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಗಳವರು ಜಂಟಿ ಸಮೀಕ್ಷೆಗೆ ಬರುತ್ತಾರೆ. ನಷ್ಟ ಶೇ 33ಕ್ಕಿಂತ ಕಡಿಮೆ ಎಂದು ಅವರು ಬರೆದರೆ ಪರಿಹಾರವಿಲ್ಲ. ಪಟ್ಟಿಯನ್ನು ಗ್ರಾಮ ಪಂಚಾಯಿತಿಯಲ್ಲಿ ಅಂಟಿಸಿದಾಗ ನಿಮ್ಮ ಹೆಸರಿನ ಜೊತೆಗೆ ವಿಸ್ತೀರ್ಣವನ್ನೂ ಓದಿಕೊಳ್ಳಿ.

ಎಷ್ಟು ಸಿಗುತ್ತದೆ? ಕೇಂದ್ರದ 2022ರ ಮಾರ್ಗಸೂಚಿಯಂತೆ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಅದೂ 2 ಹೆಕ್ಟೇರಿನವರೆಗೆ ಮಾತ್ರ, ಅಂದರೆ 5 ಎಕರೆಗೆ ಎರಡು ಗುಂಟೆಯಷ್ಟು ಕಡಿಮೆ. 2025ರ ಮುಂಗಾರಿನ ಹಾನಿಗೆ ರಾಜ್ಯ ಸರ್ಕಾರ ತನ್ನ ಕಡೆಯಿಂದ ಹೆಕ್ಟೇರಿಗೆ ಇನ್ನೂ 8,500 ಸೇರಿಸುವುದಾಗಿ ಘೋಷಿಸಿತು. ಎರಡೂವರೆ ಎಕರೆ ಒಣಬೇಸಾಯದ ತೊಗರಿಗೆ ಮಾರ್ಗಸೂಚಿಯ ಲೆಕ್ಕದಲ್ಲಿ ಬರುವುದು ಸುಮಾರು 8,600 ರೂಪಾಯಿ. ಇದನ್ನು ಫಸಲಿನ ಬೆಲೆ ಎಂದುಕೊಂಡರೆ ನಿರಾಸೆಯೇ ಗತಿ. ಸರ್ಕಾರವೇ ಇದನ್ನು ಕರೆಯುವುದು ‘ಇನ್‌ಪುಟ್ ಸಬ್ಸಿಡಿ’ ಎಂದು. ಮತ್ತೆ ಬಿತ್ತಲು ಬೀಜ, ಗೊಬ್ಬರಕ್ಕೊಂದು ಆಸರೆ, ಅಷ್ಟೇ.

ಹಣ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ನೇರವಾಗಿ ಬೀಳುತ್ತದೆ. ಎರಡು ಮೂರು ಖಾತೆ ಇದ್ದವರು ಯಾವುದಕ್ಕೆ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ಆಧಾರಿನಲ್ಲಿ ಒಂದು ಹೆಸರು, ಪಹಣಿಯಲ್ಲಿ ಇನ್ನೊಂದು ಇದ್ದರೂ ತೊಡಕೇ.

ಬೆಳೆ ವಿಮೆ ಬೇರೆ ದಾರಿ. ಕಂತು ಕಟ್ಟಿದ್ದರೆ, ಹೊಲ ಜಲಾವೃತವಾದ 72 ಗಂಟೆಯೊಳಗೆ ವಿಮಾ ಕಂಪನಿಗೆ ದೂರು ಕೊಡಬೇಕು. ಗ್ರಾಮ ಆಡಳಿತಾಧಿಕಾರಿಗೆ ಹೇಳಿದ್ದು ಕಂಪನಿಗೆ ಹೇಳಿದಂತಾಗುವುದಿಲ್ಲ.

ಇನ್ನು ದನಕರು. ಅದೇ ಮಾರ್ಗಸೂಚಿಯಲ್ಲಿ ಹಾಲು ಕರೆಯುವ ಹಸು, ಎಮ್ಮೆಗೆ 37,500, ಎತ್ತಿಗೆ 32,000, ಕುರಿ, ಮೇಕೆಗೆ 4,000 ರೂಪಾಯಿ ಇದೆ. ಕೊಟ್ಟಿಗೆ ಕುಸಿದೋ ಸಿಡಿಲು ಬಡಿದೋ ಹಸು ಸತ್ತರೆ, ಸಂಕಟಕ್ಕೆ ಅಂದೇ ಮಣ್ಣು ಮಾಡಿಬಿಡುವವರಿದ್ದಾರೆ. ಗುಂಡಿ ತೆಗೆಯುವ ಮೊದಲು ಪಶುವೈದ್ಯರನ್ನು ಕರೆಸಿ ಮರಣೋತ್ತರ ಪರೀಕ್ಷೆ ಮಾಡಿಸಿ, ಕಿವಿಯೋಲೆ (ಕಿವಿಗೆ ಹಾಕಿದ ನಂಬರಿನ ಟ್ಯಾಗ್) ಕಾಣುವಂತೆ ಒಂದು ಫೋಟೊ ತೆಗೆದುಕೊಳ್ಳಿ.