ಘಟ್ಟದ ಕೆಳಗೆ ನಾಲ್ಕು ದಿನ: ಮನೆಮಂದಿಯ ಕ್ಯಾರವಾನ್ ಪ್ರವಾಸಕ್ಕೆ ನಾವು ಮಾಡಿಕೊಂಡ ಕ್ರಮ

ಸಾಗರದಿಂದ ಹೊನ್ನಾವರಕ್ಕೆ ಸುಮಾರು 90 ಕಿ.ಮೀ. ದೂರವೇನೂ ಅಲ್ಲ. ಆದರೆ ಐದು ಜನ, ಹಾಸಿಗೆ, ಒಲೆ, ಫ್ರಿಜ್ಜು, ನೀರು ಎಲ್ಲ ಹೊತ್ತ ಗಾಡಿ ಮಾವಿನಗುಂಡಿ ದಾಟಿ ಗೇರುಸೊಪ್ಪೆಯತ್ತ ಇಳಿಯುವಾಗ ಒಂದೊಂದು ಕಿಲೋ ತೂಕವೂ ಬ್ರೇಕಿಗೆ ಗೊತ್ತಾಗುತ್ತದೆ. ಅದಕ್ಕೇ ನಮ್ಮಲ್ಲಿ ಪ್ರವಾಸದ ತಯಾರಿ ಶುರುವಾಗುವುದು ವೇಬ್ರಿಡ್ಜ್ ಮೇಲೆ. ಇಳಿಯುವಾಗ ಹಗುರ ಇರಬೇಕು, ಬೇಕಾದದ್ದನ್ನು ಕೆಳಗೆ ಹೋಗಿ ತುಂಬಿಕೊಳ್ಳಬೇಕು. ಮುಂದೆ ಹೇಳುವುದೆಲ್ಲ ಹೆಚ್ಚುಕಡಿಮೆ ಇದೇ ಲೆಕ್ಕದ ಮೇಲೆ ನಿಂತಿದೆ.

ಗಾಡಿ 3350 ಮಿ.ಮೀ. ವೀಲ್‌ಬೇಸ್‌ನ (ಮುಂದಿನ, ಹಿಂದಿನ ಗಾಲಿಗಳ ನಡುವಿನ ಅಂತರ) ಸೆಕೆಂಡ್‌ಹ್ಯಾಂಡ್ ಟೆಂಪೊ ಟ್ರಾವೆಲರ್. ಹಿಂದೆ ಕಟ್ಟಿ ಎಳೆಯುವ ಟ್ರೇಲರ್ ಕ್ಯಾರವಾನ್ ಘಟ್ಟದ ತಿರುವಿಗೂ ಹೊಂದುವುದಿಲ್ಲ, ಹಳ್ಳಿಮನೆಯ ದಣಪೆಯೊಳಗೂ (ಅಂಗಳದ ಗೇಟು) ತಿರುಗುವುದಿಲ್ಲ. ಸೀಟು ತೆಗೆದು ಹಾಸಿಗೆ, ಅಡುಗೆ ಕಟ್ಟೆ ಕೂರಿಸಿದರೆ ಗಾಡಿಯ ಸ್ವರೂಪ ಬದಲಾದಂತೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಅದಕ್ಕೆ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ನಮೂದಾಗಬೇಕು. ಇಲ್ಲದಿದ್ದರೆ ವಿಮೆ ಹಣ ಕೇಳುವ ಹೊತ್ತಿಗೆ ತಕರಾರು ಬರುತ್ತದೆ. ಬಡಗಿಗೆ ಮುಂಗಡ ಕೊಡುವ ಮೊದಲೇ ನಕ್ಷೆ ಹಿಡಿದು ಹೋಗಿ ಕೇಳಿ, ಆಮೇಲೆ ಕೆಲಸ ಹಿಡಿಸಿ.

ಮರಗೆಲಸದಲ್ಲಿ ಎಲ್ಲರೂ ಎಡವುವುದು ಹಲಗೆಯ ದಪ್ಪದಲ್ಲಿ. ಮನೆಯ ಕಪಾಟಿಗೆ ಹಾಕುವ 18 ಮಿ.ಮೀ. ಪ್ಲೈವುಡ್ಡನ್ನೇ ಇಲ್ಲಿಗೂ ಹಾಕಿಬಿಡುತ್ತಾರೆ. ಎಂಟಡಿ ನಾಲ್ಕಡಿಯ ಅಂಥ ಒಂದು ಹಲಗೆ 35 ಕೆ.ಜಿ. ಹತ್ತಿರ ತೂಗುತ್ತದೆ, ಆರು ಹಲಗೆ ಹಾಕಿದರೆ 200 ಕೆ.ಜಿ. ದಾಟಿತು. ನಾವು ಮಂಚದ ಚೌಕಟ್ಟಿಗೆ ಚೌಕ ಅಲ್ಯೂಮಿನಿಯಂ ಪೈಪು, ಮೇಲೆ 12 ಮಿ.ಮೀ. ವಾಟರ್‌ಪ್ರೂಫ್ ಪ್ಲೈ, ಕಪಾಟಿನ ಬಾಗಿಲಿಗೆ 9 ಮಿ.ಮೀ. ಹಾಕಿದ್ದೇವೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಅಂತೂ ಬೇಡವೇ ಬೇಡ, ಕಡಲಗಾಳಿಗೆ ಅಂಚು ಉಬ್ಬಿ ಒಂದೇ ವರ್ಷಕ್ಕೆ ತಿರುಪು ಹಿಡಿಯುವುದಿಲ್ಲ. ಬಾಗಿಲಿಗೆ ಮ್ಯಾಗ್ನೆಟ್ ಹಿಡಿತ ಸಾಲದು. ತಿರುವಿನಲ್ಲಿ ಪಾತ್ರೆ ಒಳಗಿನಿಂದ ನೂಕಿದ ಕೂಡಲೇ ತೆರೆದುಕೊಳ್ಳುತ್ತದೆ. ಒತ್ತಿದರೆ ಮಾತ್ರ ಬಿಡುವ ಲಾಕು ಬೇಕು.

ತುಂಬಿದ ಗಾಡಿಯನ್ನು ಮನೆಮಂದಿ ಸಮೇತ ವೇಬ್ರಿಡ್ಜ್‌ಗೆ ಒಯ್ದು ಮೂರು ಸಲ ತೂಗಿಸುತ್ತೇವೆ: ಪೂರ್ತಿ ಒಂದು ಸಲ, ಮುಂದಿನ ಗಾಲಿ ಮಾತ್ರ ಒಂದು ಸಲ, ಹಿಂದಿನದು ಒಂದು ಸಲ. ಆರ್‌ಸಿಯಲ್ಲಿರುವ ಒಟ್ಟು ತೂಕಕ್ಕಿಂತ ಕನಿಷ್ಠ 150 ಕೆ.ಜಿ. ಕಡಿಮೆ ಬರಬೇಕು ಎಂಬುದು ನಾವೇ ಹಾಕಿಕೊಂಡ ಮಿತಿ. ಬ್ಯಾಟರಿ, ನೀರಿನ ಟ್ಯಾಂಕ್, ಅಕ್ಕಿಚೀಲದಂಥ ಭಾರವೆಲ್ಲ ಎರಡು ಆಕ್ಸಲ್ ನಡುವೆ, ನೆಲಕ್ಕೆ ಹತ್ತಿರ ಇರಬೇಕು. ಮಾಡಿನ ಮೇಲೆ ಸೋಲಾರ್ ಹಲಗೆ ಬಿಟ್ಟು ಬೇರೇನೂ ಕಟ್ಟುವುದಿಲ್ಲ.

ದಾರಿಯ ವಿಷಯಕ್ಕೆ ಬಂದರೆ, ನಮ್ಮದು ತಾಳಗುಪ್ಪ, ಮಾವಿನಗುಂಡಿ, ಗೇರುಸೊಪ್ಪೆ ಮೇಲೆ ಹೊನ್ನಾವರ. ಆಗುಂಬೆಯ 14 ತಿರುವು ಇಷ್ಟು ಉದ್ದದ, ಮನೆ ಹೊತ್ತ ಗಾಡಿಗೆ ಬೇಡ. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಸಿಗಂದೂರು, ತುಮರಿ ಕಡೆಯಿಂದ ಕೊಲ್ಲೂರಿಗೆ ಶರಾವತಿ ಹಿನ್ನೀರಿನ ಲಾಂಚ್ ಕಾಯದೆ ಹೋಗಬಹುದು. ಮರವಂತೆ, ಬೈಂದೂರು ಕಡೆ ಹೋಗುವವರಿಗೆ ಅದು ಹತ್ತಿರ. ಆದರೆ ಸೇತುವೆ ಅಗಲ ಇದೆ ಅಂತ ಆಚೆಯ ಊರುರಸ್ತೆಯೂ ಅಷ್ಟೇ ಅಗಲ ಇರುತ್ತದೆ ಎಂದುಕೊಳ್ಳಬೇಡಿ.

ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು. ನ್ಯೂಟ್ರಲ್ ಮಾತೇ ಇಲ್ಲ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಲೈನರ್ ಕಾಯುತ್ತದೆ, ಬ್ರೇಕ್ ಆಯಿಲ್ ಕುದಿಯುತ್ತದೆ, ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತದೆ. ನಮ್ಮ ಮಲೆನಾಡಿನಲ್ಲಿ ಇದರ ಅಪಾಯ ಇನ್ನೂ ಹೆಚ್ಚು. ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ತೇವ ಸೇರಿದ ಆಯಿಲ್ ಬೇಗ ಕುದಿಯುತ್ತದೆ. ವರ್ಷದಲ್ಲಿ ನಾಲ್ಕೈದು ತಿಂಗಳು ಮಳೆಯಲ್ಲೇ ನಿಲ್ಲುವ ಗಾಡಿಗೆ ಎರಡು ವರ್ಷಕ್ಕೊಮ್ಮೆ ತಪ್ಪದೆ ಆಯಿಲ್ ಬದಲಿಸಿ. ಲೈನರ್ ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಗೇರಿನಲ್ಲಿ ಹಾಕಿ, ಗಾಲಿಗೆ ಕಲ್ಲು ಕೊಟ್ಟು ಅರ್ಧ ಗಂಟೆ ಬಿಡಿ. ಕಾದ ಡ್ರಮ್ಮಿಗೆ ನೀರು ಹೊಯ್ಯಬೇಡಿ, ಸೀಳು ಬಿಡುತ್ತದೆ.

ಗಾಡಿ ಓಡುವಾಗ ಯಾರೂ ಹಾಸಿಗೆ ಮೇಲಿರಬಾರದು. ಐದೂ ಸೀಟು ಮುಂದಕ್ಕೆ ಮುಖ ಮಾಡಿರಬೇಕು, ಐದಕ್ಕೂ ಬೆಲ್ಟ್ ಬೇಕು. ಮಕ್ಕಳಿಗೆ ವಾಂತಿ ಬರುವುದೂ ಅಡ್ಡ ಸೀಟಿನಲ್ಲಿ ಕೂತು ಮೊಬೈಲ್ ನೋಡಿದಾಗಲೇ ಹೆಚ್ಚು. ಹೊರಡುವ ಒಂದೂವರೆ ಗಂಟೆ ಮೊದಲು ಎರಡು ಇಡ್ಲಿಯಷ್ಟು ಹಗುರ ತಿಂಡಿ, ಘಟ್ಟದಲ್ಲಿ ಸ್ವಲ್ಪ ತೆರೆದ ಕಿಟಕಿ, ಇಷ್ಟಕ್ಕೇ ನಮ್ಮ ಮಕ್ಕಳಿಗೆ ಮಾತ್ರೆ ಬೇಕಾಗಿಲ್ಲ. ಮಂಗ, ಸಿಂಗಳೀಕ ಕಂಡಲ್ಲಿ ಮಾತ್ರ ಕಿಟಕಿ ಏರಿಸಿ, ತಿಂಡಿ ಎಸೆಯಬೇಡಿ.

ಇನ್ನು ನೀರು. ನಮ್ಮ ಲೆಕ್ಕದಲ್ಲಿ ಐದು ಜನಕ್ಕೆ ದಿನಕ್ಕೆ 60 ಲೀಟರ್ ಸಾಕು: ಕುಡಿಯಲು, ಅಡುಗೆಗೆ 20, ಪಾತ್ರೆಗೆ 10, ಕೈಕಾಲು ಮುಖಕ್ಕೆ 10, ಮೈಯ ಉಪ್ಪು ತೊಳೆಯಲು 20. ಸೀಟಿನ ಕೆಳಗೆ 60 ಲೀಟರಿನ ಟ್ಯಾಂಕ್ ಇದೆ. ಮನೆಯಿಂದ ಹೊರಡುವಾಗ ಅದು ಖಾಲಿ. ಮನೆ ಬಾವಿಯ ಕುಡಿಯುವ ನೀರು 20 ಲೀಟರಿನ ಎರಡು ಕ್ಯಾನು ಮಾತ್ರ ಗಾಡಿಗೆ ಏರುತ್ತದೆ. ಟ್ಯಾಂಕ್ ಅರ್ಧ ತುಂಬಿಸಿಕೊಂಡು ಹೊರಡುವುದು ಎಲ್ಲಕ್ಕಿಂತ ಕೆಟ್ಟದ್ದು. ತಿರುವಿನಲ್ಲಿ ಒಳಗಿನ ನೀರು ಒಮ್ಮೆಗೇ ಹೊರಬದಿಗೆ ನುಗ್ಗುತ್ತದೆ, ಗಾಡಿ ಒಂದು ಕ್ಷಣ ತಡವಾಗಿ ವಾಲಿದಂತೆ ಸ್ಟೇರಿಂಗಿನಲ್ಲೇ ಗೊತ್ತಾಗುತ್ತದೆ. ಕೆಳಗೆ ತುಂಬುವ ಮೊದಲು ಬಾವಿನೀರನ್ನು ನಾಲಿಗೆಗೆ ಹಚ್ಚಿ ನೋಡಿ, ಅಂಗೈಯಲ್ಲಿ ಸೋಪು ಉಜ್ಜಿ ನೋಡಿ. ನೊರೆ ಸರಿಯಾಗಿ ಏಳದಿದ್ದರೆ ಸವಳು ನೀರು, ಪಂಪಿನ ವಾಲ್ವಿಗೂ ಅದು ಒಳ್ಳೆಯದಲ್ಲ.

ಮಕ್ಕಳ ಮೈಯ ಮರಳು, ಉಪ್ಪು ತೆಗೆಯಲು ಚೆಂಬಿನಲ್ಲಿ ಹೊಯ್ದರೆ ಒಬ್ಬರಿಗೆ 10 ಲೀಟರ್ ಹೋಗುತ್ತದೆ. ನಾವು ತೋಟಕ್ಕೆ ಬಳಸುವಂಥ 5 ಲೀಟರಿನ ಕೈಪಂಪು ಸ್ಪ್ರೇಯರ್ ಇಟ್ಟುಕೊಂಡಿದ್ದೇವೆ. ಬಿಸಿಲಿನಲ್ಲಿ ಒಂದು ಗಂಟೆ ಇಟ್ಟರೆ ನೀರು ಹಿತವಾಗಿ ಬೆಚ್ಚಗಾಗುತ್ತದೆ. ಇಪ್ಪತ್ತು ಸಲ ಪಂಪು ಹೊಡೆದು ತಲೆಯಿಂದ ಕಾಲಿನವರೆಗೆ ಬಿಟ್ಟರೆ ಒಂದು ಮಗುವಿಗೆ 3 ಲೀಟರ್, ದೊಡ್ಡವರಿಗೆ 4ರಿಂದ 5. ಹೊಸತೇ ಕೊಳ್ಳಿ. ಬೋರ್ಡೋ ಅಥವಾ ಬೇರೆ ಔಷಧಿ ಹೊಡೆದ ಪಂಪನ್ನು ಎಷ್ಟು ತೊಳೆದರೂ ಮಕ್ಕಳ ಮೈಗೆ ಬಳಸಬಾರದು. ಊಟಕ್ಕೆ ಅಡಿಕೆ ಹಾಳೆ ತಟ್ಟೆ, ತೊಳೆಯುವ ಕೆಲಸವೇ ಇಲ್ಲ. ಪಾತ್ರೆಗೆ 10 ಲೀಟರ್ ಸಾಕಾಗುವುದು ಇದೇ ಕಾರಣಕ್ಕೆ.

ಕರೆಂಟಿನ ಲೆಕ್ಕ ಹೀಗೆ: 100 ಆಂಪಿಯರ್-ಅವರ್‌ನ 12 ವೋಲ್ಟ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಸುಮಾರು 1,280 ವ್ಯಾಟ್-ಅವರ್ ಇರುತ್ತದೆ, 1,000 ಮಾತ್ರ ಬಳಸುತ್ತೇವೆ. 40 ಲೀಟರಿನ ಕಂಪ್ರೆಸರ್ ಫ್ರಿಜ್ಜು ಓಡುವಾಗ 45 ವ್ಯಾಟ್ ಎಳೆಯುತ್ತದೆ. ಕರಾವಳಿಯ ಸೆಖೆಗೆ ದಿನದ ಅರ್ಧ ಹೊತ್ತು ಓಡಿದರೂ 540 ಆಯಿತು. 15 ವ್ಯಾಟಿನ ಎರಡು ಫ್ಯಾನು ರಾತ್ರಿ ಒಂಬತ್ತು ಗಂಟೆ ತಿರುಗಿದರೆ 270. ಲೈಟು, ಮೊಬೈಲು, ನೀರಿನ ಪಂಪು ಸೇರಿ 100. ಅಲ್ಲಿಗೆ ಒಂದು ದಿನಕ್ಕೆ ಸರಿಹೋಯಿತು. ಒಂದು ಟನ್ ಎಸಿ ಇಟ್ಟರೆ ಇದೇ ಬ್ಯಾಟರಿ ಒಂದು ಗಂಟೆಗೆ ಬರಿದಾಗುತ್ತದೆ, ಹಾಗಾಗಿ ಎಸಿ ಆಸೆ ಬಿಟ್ಟೆವು. ಮಾಡಿನ 200 ವ್ಯಾಟ್ ಸೋಲಾರ್ ಒಳ್ಳೆಯ ಬಿಸಿಲಿನಲ್ಲಿ 650–700 ವ್ಯಾಟ್-ಅವರ್ ಕೊಡುತ್ತದೆ. ಆದರೆ ಗಾಡಿಯನ್ನು ನೆರಳಿಗೆ ಹಾಕಿದರೆ ಅದು ಇದ್ದೂ ಇಲ್ಲದಂತೆ. ಬಿಸಿಲಿಗೆ ಹಾಕಿದರೆ ಒಳಗೆ ಕೂರಲಾಗದು. ಗಾಡಿ ನೆರಳಿನಲ್ಲೇ ಇರಲಿ ಎಂದು 100 ವ್ಯಾಟಿನ ಮಡಚುವ ಸೋಲಾರ್ ಹಲಗೆಯೊಂದನ್ನು ಹತ್ತು ಮೀಟರ್ ವೈರಿನಲ್ಲಿ ಬಿಸಿಲಿಗೆ ಇಡುತ್ತೇವೆ. ವೈರು 6 ಚದರ ಮಿ.ಮೀ. ಇರಬೇಕು, ಸಣ್ಣದಾದರೆ ಅರ್ಧ ವೋಲ್ಟು ದಾರಿಯಲ್ಲೇ ಸೋರುತ್ತದೆ.

ರಾತ್ರಿ ಉಳಿಯುವುದು ಕಡಲತಡಿಯ ಮರಳಿನ ಮೇಲೆ ಅಲ್ಲ. ಹೋಮ್‌ಸ್ಟೇ ನಡೆಸುವವರ ಹಿತ್ತಲನ್ನು ಮೊದಲೇ ಫೋನ್ ಮಾಡಿ ಗೊತ್ತುಮಾಡಿಕೊಳ್ಳುತ್ತೇವೆ. ಕೇಳುವುದು ನಾಲ್ಕೇ ವಿಷಯ: ಮೂರು ಮೀಟರ್ ಎತ್ತರದ ಗಾಡಿ ಒಳಗೆ ಬರುತ್ತದೆಯೇ, ಬಾವಿನೀರು ಸಿಹಿಯೇ, ಹಗಲು ಅವರ ಶೌಚಾಲಯ ಬಳಸಬಹುದೇ, 16 ಆಂಪಿಯರ್ ಪ್ಲಗ್ಗಿಗೆ ಅರ್ಥಿಂಗ್ ಇದೆಯೇ. ಪ್ಲಗ್ ಸಿಕ್ಕಿದರೆ 2.5 ಚದರ ಮಿ.ಮೀ.ನ ಮೂರು ಎಳೆಯ ವೈರು, ಗಾಡಿಯಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬಂದ್ ಆಗುವ ಸ್ವಿಚ್). ವೈರನ್ನು ಸುರುಳಿಯಲ್ಲೇ ಬಿಟ್ಟು ಬಳಸಿದರೆ ಕಾದು ಕರಗುತ್ತದೆ, ಪೂರ್ತಿ ಬಿಡಿಸಿ ಹಾಕಿ. 20 ಲೀಟರಿನ ಕ್ಯಾಸೆಟ್ ಟಾಯ್ಲೆಟ್ (ಡಬ್ಬ ಹೊರಗೆ ಎಳೆದು ಖಾಲಿ ಮಾಡುವಂಥದ್ದು) ನಮಗೆ ರಾತ್ರಿಗೆ ಮಾತ್ರ. ತುಂಬಿದ್ದನ್ನು ಮನೆಯವರನ್ನು ಕೇಳಿ ಅವರ ಶೌಚಾಲಯಕ್ಕೇ ಹೊಯ್ಯುತ್ತೇವೆ. ಮರಳಿನಲ್ಲಿ ಹೂಳುವುದು, ತೋಡಿಗೆ ಬಿಡುವುದು ತಪ್ಪು. ಅದೇ ನೀರು ಅವರ ಬಾವಿಗೆ ಇಳಿಯುತ್ತದೆ.

ಗಾಡಿ ಎಲ್ಲಿ, ಯಾವ ಮುಖಕ್ಕೆ ನಿಲ್ಲಿಸಬೇಕು ಎಂಬುದನ್ನು ನಿಧಾನವಾಗಿ ಯೋಚಿಸಿ. ತೆಂಗಿನ ಮರದ ಕೆಳಗೆ ಎಂದಿಗೂ ಬೇಡ. ಕಾಯಿ ಬಿದ್ದರೆ ಸೋಲಾರ್ ಹೋಯಿತು, ಹೊರಗೆ ಕೂತವರ ತಲೆಯ ಗತಿ ಹೇಳುವುದೇ ಬೇಡ. ಗಾಳಿಮರದ ಸಾಲಿನ ಹಿಂದೆ ಜಾಗ ಸಿಕ್ಕಿದರೆ ಅದೇ ಉತ್ತಮ, ಉಪ್ಪಿನ ಸಿಂಚನ ಅರ್ಧ ಅಲ್ಲೇ ತಡೆಯುತ್ತದೆ. ಮಧ್ಯಾಹ್ನದಿಂದ ಸಂಜೆವರೆಗೆ ಗಾಳಿ ಕಡಲಿನಿಂದ ಬೀಸುತ್ತದೆ. ರಾತ್ರಿ ನೆಲ ಬೇಗ ತಣಿದು ಗಾಳಿ ಘಟ್ಟದ ಕಡೆಯಿಂದ ತಿರುಗುತ್ತದೆ. ಹಾಗಾಗಿ ಅಡುಗೆ ಬಾಗಿಲನ್ನು ಪೂರ್ವಕ್ಕೆ ಹಾಕಿದರೆ ಸಂಜೆ ಒಲೆಯ ಉರಿ ಆರುವುದಿಲ್ಲ, ರಾತ್ರಿ ಅದೇ ಕಿಟಕಿಯಿಂದ ತಂಪು ಗಾಳಿ ಬರುತ್ತದೆ. ಪಶ್ಚಿಮದ ಕಿಟಕಿ ತೆರೆದಿಟ್ಟು ಮಲಗಿದವರು ಹಾಸಿಗೆಗೆ ಅಂಟು ಅಂಟು ಉಪ್ಪು ಹಿಡಿಸಿಕೊಂಡು ಏಳುತ್ತಾರೆ.

ಒಲೆಗೆ 5 ಕೆ.ಜಿ. ಸಿಲಿಂಡರ್. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಅದಕ್ಕೇ ಸಿಲಿಂಡರ್ ಡಬ್ಬಿ ಹೊರಗಿನಿಂದ ಮಾತ್ರ ತೆರೆಯುವಂತಿದ್ದು, ತಳದಲ್ಲಿ ಹೊರಕ್ಕೆ ತೂತಿರಬೇಕು. ಘಟ್ಟದ ಕುಲುಕಾಟಕ್ಕೆ ಜೋಡಣೆ ಸಡಿಲವಾಗುವುದುಂಟು. ಕೆಳಗೆ ಹೋಗಿ ಮೊದಲ ಸಲ ಒಲೆ ಹಚ್ಚುವ ಮುನ್ನ ಸೋಪುನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡುತ್ತೇವೆ. ಓಡುವಾಗ ವಾಲ್ವು ಬಂದ್. ಕಿಟಕಿ ಮುಚ್ಚಿ ಒಲೆ ಹಚ್ಚುವುದಾಗಲಿ, ಎಂಜಿನ್ ಚಾಲೂ ಇಟ್ಟು ಮಲಗುವುದಾಗಲಿ ಜೀವಕ್ಕೆ ಅಪಾಯ.

ಮರಳಿಗೆ ಗಾಲಿ ಇಳಿಸಬಾರದು. ಹಿಂಬದಿ ಗಾಲಿ ತಿರುಗಿಸುವ ಭಾರದ ಗಾಡಿ ನಿಂತಲ್ಲೇ ಹೂತುಕೊಳ್ಳುತ್ತದೆ. ಹೊನ್ನಾವರದ ಕಡಲತಡಿಯಲ್ಲಿ ಕಡಲಾಮೆ ಮೊಟ್ಟೆ ಇಡುತ್ತವೆ, ಅದಕ್ಕೂ ಗಾಡಿ ದೂರವೇ ಇರಬೇಕು. ಆದರೂ ಹಿತ್ತಲ ಸಡಿಲ ಮಣ್ಣಿನಲ್ಲಿ ಸಿಕ್ಕಿಬಿದ್ದರೆ ಎಂದು ಮೂರಡಿ ಉದ್ದದ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರದ ಪಟ್ಟಿ) ಎಂಟನ್ನು ನೈಲಾನ್ ಹಗ್ಗದಲ್ಲಿ ಚಾಪೆಯಂತೆ ಹೆಣೆದು ಎರಡು ಜೋಡಿ ಇಟ್ಟಿದ್ದೇವೆ. ನುಣುಪಾದ ಹೊರಮೈ ಕೆಳಗೆ, ನಾರಿನ ಒಳಮೈ ಮೇಲೆ. ಆಕ್ಸಿಲರೇಟರ್ ಒತ್ತುತ್ತ ಹೋದಷ್ಟೂ ಗುಂಡಿ ಆಳವಾಗುತ್ತದೆ. ನಿಲ್ಲಿಸಿ, ಟೈರಿನ ಗಾಳಿ ಮೂರನೇ ಒಂದು ಭಾಗ ಇಳಿಸಿ, ಗಾಲಿ ಮುಂದಿನ ಮಣ್ಣು ಕೆರೆದು ಚಾಪೆ ತೂರಿಸಿ, ಎರಡನೇ ಗೇರಿನಲ್ಲಿ ಮೆಲ್ಲಗೆ ಎಬ್ಬಿಸಿ. ಗಾಳಿ ಮತ್ತೆ ತುಂಬಲು ಸಣ್ಣ ಕಂಪ್ರೆಸರ್ ಬೇಕು, ಇಳಿದ ಗಾಳಿಯಲ್ಲಿ ಹೆದ್ದಾರಿಗೆ ಹೋಗಬೇಡಿ.

ಹೊಳೆಯಲ್ಲಿ ಈಜು ಕಲಿತ ನಮ್ಮ ಮಕ್ಕಳಿಗೆ ಕಡಲು ಬೇರೆಯೇ ಎಂದು ಹೋಗುವ ಮೊದಲೇ ಹೇಳಬೇಕು. ಅಳಿವೆಯ ಹತ್ತಿರ ಇಳಿಸುವುದೇ ಇಲ್ಲ. ಅಲೆ ಒಡೆಯದೆ ನೀರು ಶಾಂತವಾಗಿ ಕಾಣುವ ಪಟ್ಟಿಯಲ್ಲೇ ಸೆಳೆತ ಇರುವುದು ಹೆಚ್ಚು. ಸಿಕ್ಕಿಕೊಂಡರೆ ದಡಕ್ಕೆ ಎದುರಾಗಿ ಈಜದೆ ದಡಕ್ಕೆ ಸಮಾನಾಂತರ ಸರಿಯಬೇಕು. ಕಾಸರಕೋಡಿನಂಥ ಕಾವಲುಗಾರರಿರುವ ಕಡೆ ಮಾತ್ರ, ಮೊಣಕಾಲು ನೀರಿನವರೆಗೆ, ಲೈಫ್ ಜಾಕೆಟ್ ಹಾಕಿಯೇ ಮಕ್ಕಳು ಇಳಿಯುವುದು. ಉಬ್ಬರದ ಹೊತ್ತು ದಿನಕ್ಕೆ ಐವತ್ತು ನಿಮಿಷದಷ್ಟು ಮುಂದೆ ಹೋಗುತ್ತದೆ, ನಿನ್ನೆಯ ಸಮಯ ಇವತ್ತಿಗಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವುದೇ ಬೇಡ. ಅಡಿಕೆ ಕೊಯ್ಲು ಮುಗಿದ ಮೇಲೆ, ಜನವರಿ ಕೊನೆ ಅಥವಾ ಫೆಬ್ರವರಿಯ ರಜೆ ಸೇರಿಸಿಕೊಂಡ ನಾಲ್ಕು ದಿನ ನಮಗೆ ಹೊಂದಿದೆ.

ವಾಪಸು ಹೊರಡುವಾಗ ಟ್ಯಾಂಕ್, ಕ್ಯಾನು, ಬಚ್ಚಲ ನೀರಿನ ಡಬ್ಬ ಎಲ್ಲ ಖಾಲಿ. ಘಟ್ಟ ಹತ್ತುವುದು ಬೆಳಗಿನ ತಂಪಿನಲ್ಲಿ, ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿಟ್ಟು. ಮನೆಗೆ ಬಂದ ದಿನವೇ ಅಡಿಭಾಗ, ಚಕ್ರದ ಒಳಮಗ್ಗುಲು, ಮೆಟ್ಟಿಲ ಕೆಳಗೆ ಸಿಹಿನೀರಿನಲ್ಲಿ ಜೋರಾಗಿ ತೊಳೆಯಿರಿ. ಒಂದು ವಾರ ಬಿಟ್ಟರೂ ಬೋಲ್ಟಿನ ತಲೆ ಕೆಂಪಗಾಗುತ್ತದೆ. ಮಳೆಗಾಲಕ್ಕೆ ಮೊದಲು ಹಾಸಿಗೆಯನ್ನೆಲ್ಲ ಮನೆಯೊಳಗೆ ಒಯ್ಯಿರಿ, ಇಲ್ಲದಿದ್ದರೆ ಜುಲೈಗೆ ಬೂಸ್ಟು. ಬ್ಯಾಟರಿ ಅರ್ಧ ಚಾರ್ಜಿನಲ್ಲಿ ಸ್ವಿಚ್ ತೆಗೆದಿಡಿ, ಫ್ರಿಜ್ಜಿನ ಮುಚ್ಚಳಕ್ಕೆ ಒಂದು ಕಡ್ಡಿ ಸಿಕ್ಕಿಸಿ ತೆರೆದಿಡಿ. ಅಕ್ಕಿಯ ಒಂದು ಕಾಳೂ ಒಳಗೆ ಉಳಿಯದಂತೆ ಗುಡಿಸಿ, ವೈರು ಹೊರಬರುವ ತೂತುಗಳಿಗೆ ಸ್ಟೀಲ್ ಉಣ್ಣೆ ತುರುಕಿ. ಕೊಟ್ಟಿಗೆಯಲ್ಲಿ ನಿಂತ ಗಾಡಿಯ ವೈರು ಇಲಿಗೆ ಬಹಳ ಇಷ್ಟ.